ಕೊಳೆತ ಕಲ್ಲಿನ ಪಾಠ: ಬಾದಾಮಿಯ ಗೆಳೆಯನಿಗೊಂದು ಪತ್ರ

ಮಡಿಕೇರಿ

ಪ್ರಿಯ ಗೆಳೆಯ,

ನಾವೆಲ್ಲ ಕ್ಷೇಮ. ಕಕ್ಕಡ ತಿಂಗಳ ಮಳೆಗೆ ಕರೆಂಟು ಹೋಗುವುದೂ ಬರುವುದೂ ನಡೆದೇ ಇದ್ದುದರಿಂದ ನಿನ್ನ ಪತ್ರಕ್ಕೆ ಉತ್ತರ ಬರೆಯುವುದು ಹದಿನೈದು ದಿನ ತಡವಾಯಿತು. ಭೂಮಿಯ ಮೇಲ್ಮೈ ಸದಾ ಬದಲಾಗುತ್ತಿರುತ್ತದೆ ಎಂದು ಏಳನೆಯ ತರಗತಿಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ, ಬಾದಾಮಿಯ ಮೂರನೆಯ ಗುಹೆಯಲ್ಲಿ 578ರಲ್ಲಿ ಕೆತ್ತಿಸಿದ ಶಾಸನವನ್ನು ಇಂದಿಗೂ ಓದಬಹುದಾದರೆ ಬೆಟ್ಟ ಬದಲಾದದ್ದು ಎಲ್ಲಿ ಎಂದು ತಿರುಗಿ ಕೇಳುತ್ತಾರೆ ಎಂದು ನೀನು ಬರೆದಿದ್ದೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನನ್ನ ತೊಂದರೆ ಇದಕ್ಕೆ ತದ್ವಿರುದ್ಧವಾದುದು. ನೆಲ ಬದಲಾಗುತ್ತದೆ ಎಂದು ಇಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಒಂದೇ ರಾತ್ರಿಯಲ್ಲಿ ಬದಲಾಗಿಬಿಡುತ್ತದೆ ಎಂದು ಅವರು ತಿಳಿದಿರುವುದನ್ನು ತಿದ್ದುವುದೇ ಕಷ್ಟ.

ಪಾಠ ಮಾಡುವಾಗ ನಾವು ಶಿಥಿಲೀಕರಣವನ್ನು, ಅಂದರೆ ಕಲ್ಲು ಇದ್ದಲ್ಲೇ ಸಡಿಲವಾಗಿ ಪುಡಿಯಾಗುವುದನ್ನು, ನಿಧಾನ ಬದಲಾವಣೆಯ ಕಡೆಗೂ ಭೂಕುಸಿತವನ್ನು ಹಠಾತ್ ಬದಲಾವಣೆಯ ಕಡೆಗೂ ಸೇರಿಸಿ, ನಡುವೆ ಒಂದು ಗೆರೆ ಎಳೆದು ಮುಗಿಸುತ್ತೇವೆ. ಕೊಡಗಿನಲ್ಲಿ ಇಷ್ಟು ವರ್ಷ ಇದ್ದ ಮೇಲೆ ಆ ಗೆರೆಯ ಮೇಲೆ ನನಗೆ ನಂಬಿಕೆ ಉಳಿದಿಲ್ಲ.

ಈ ವರ್ಷ ನಾನು ಪಾಠವನ್ನು ಶಾಲೆಯ ಹಿಂದಿನ ಬರೆಯ ಹತ್ತಿರ, ಆದರೆ ಬೀಳುವ ಅಂತರದಿಂದ ಸಾಕಷ್ಟು ದೂರದಲ್ಲಿ, ಮಳೆ ಬಿಟ್ಟ ಒಂದು ಬೆಳಿಗ್ಗೆ ಆರಂಭಿಸಿದೆ. ರಸ್ತೆಗಾಗಿ ಗುಡ್ಡವನ್ನು ಕಡಿದ ಜಾಗವದು. ಮೇಲೆ ಕಾಫಿ ಗಿಡದ ಬೇರುಗಳಿರುವ ಕಪ್ಪು ಮಣ್ಣು, ಅದರ ಕೆಳಗೆ ಆಳೆತ್ತರಕ್ಕೂ ಮೀರಿದ ಕೆಂಪು ಮಣ್ಣು, ಅದರೊಳಗೆ ಅಲ್ಲಲ್ಲಿ ಸಿಕ್ಕಿಕೊಂಡಿರುವ ಉರುಟು ಬಂಡೆಗಳು. ಆ ಬಂಡೆಗಳ ಸುತ್ತ ಈರುಳ್ಳಿಯ ಸಿಪ್ಪೆಯಂತೆ ಪದರಗಳು ಎದ್ದಿರುತ್ತವೆ. ಅಂಥ ಒಂದು ಪದರವನ್ನು ಕಿತ್ತು ಒಬ್ಬ ಹುಡುಗಿಯ ಕೈಗೆ ಕೊಟ್ಟೆ. ನೋಡಲು ಅದು ಕಲ್ಲೇ. ಬಿಳಿ ಮತ್ತು ಕಪ್ಪು ಪಟ್ಟೆಗಳೂ ಕಾಣುತ್ತಿದ್ದವು. ಅವಳು ಮುಷ್ಟಿ ಬಿಗಿದಾಗ ಒಣ ರಸ್ಕಿನಂತೆ ಪುಡಿಯಾಯಿತು. ಅವಳು ಕೇಳಿದ ಪ್ರಶ್ನೆಯೇ ನನ್ನ ಆ ದಿನದ ಪಾಠವಾಯಿತು: "ಸಾರ್, ಕಲ್ಲೂ ಕೊಳೆಯುತ್ತದಾ?"

ಕೊಳೆಯುತ್ತದೆ ಎಂದೇ ನಾನು ಉತ್ತರಿಸಿದೆ. ಮಳೆಯ ನೀರು ಗಾಳಿಯಲ್ಲಿರುವ ಮತ್ತು ಮಣ್ಣಿನಲ್ಲಿ ಬೇರುಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ದುರ್ಬಲ ಆಮ್ಲವಾಗುತ್ತದೆ. ಅದು ಬಂಡೆಯ ಬಿರುಕುಗಳಲ್ಲಿ ಇಳಿದು, ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಜೇಡಿಯಾಗಿ ಬದಲಿಸುತ್ತದೆ. ಕಬ್ಬಿಣವಿರುವ ಖನಿಜಗಳು ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಕೊಡುತ್ತವೆ. ಬಿಸಿಲೂ ತೇವವೂ ಕೂಡಿದಲ್ಲಿ ಈ ಕೆಲಸ ಬಲು ಚುರುಕು. ನಿಮ್ಮಲ್ಲಿ ವರ್ಷಕ್ಕೆ 25 ಇಂಚು ಮಳೆ ಬಂದರೆ ಒಳ್ಳೆಯ ವರ್ಷ. ಭಾಗಮಂಡಲದ ಕಡೆ 200 ಇಂಚು ದಾಟುವುದು ನಮಗೆ ಸುದ್ದಿಯೇ ಅಲ್ಲ. ಸುಮಾರು 300 ಕೋಟಿ ವರ್ಷ ಹಳೆಯದಾದ ಕಲ್ಲು ಕೂಡ ಅಷ್ಟು ನೀರಿನ ಮುಂದೆ ಮೆತ್ತಗಾಗದೆ ಇರಲಾರದು.

ಆದರೆ ಎಲ್ಲವೂ ಕೊಳೆಯುವುದಿಲ್ಲ. ಪುಡಿಯಾದ ಆ ಕಲ್ಲನ್ನು ನೀರಿನಲ್ಲಿ ತೊಳೆದರೆ ಬಟ್ಟಲಿನ ತಳದಲ್ಲಿ ಗಾಜಿನಂತೆ ಹೊಳೆಯುವ ಕಾಳುಗಳು ಉಳಿಯುತ್ತವೆ. ಅವು ಬೆಣಚುಕಲ್ಲಿನ ಕಾಳುಗಳು. ಆಮ್ಲಕ್ಕೆ ಅವು ಸುಲಭವಾಗಿ ಜಗ್ಗುವುದಿಲ್ಲ. ನಿನ್ನ ಮಕ್ಕಳ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗೆ ತೋರುತ್ತದೆ. ಬಾದಾಮಿಯ ಮರಳುಗಲ್ಲು ಬಹುಮಟ್ಟಿಗೆ ಇಂಥ ಕಾಳುಗಳಿಂದಲೇ ಆದದ್ದು. ಎಂದೋ ಇದ್ದ ಬೆಟ್ಟಗಳು ಕೊಳೆತು, ಹೊಳೆಗಳು ಅವುಗಳ ಜೇಡಿಯನ್ನು ದೂರಕ್ಕೆ ಒಯ್ದು, ಉಳಿದ ಮರಳನ್ನು ಪದರ ಪದರವಾಗಿ ಹಾಸಿ, ಅದು ಒತ್ತಡದಲ್ಲಿ ಗಟ್ಟಿಯಾಗಿ ನಿಮ್ಮ ಬೆಟ್ಟವಾಯಿತು. ಗುಹೆಯ ಗೋಡೆಯಲ್ಲಿ ಓರೆಯಾಗಿ ಓಡುವ ಗೆರೆಗಳನ್ನು ಅವರಿಗೆ ತೋರಿಸು. ಅವು ನೀರು ಮರಳನ್ನು ತಳ್ಳಿದ ಗುರುತುಗಳು. ಶಾಸನ ಉಳಿದಿರುವುದಕ್ಕೆ ಕಾರಣ ಬೆಟ್ಟ ಬದಲಾಗದಿರುವುದಲ್ಲ, ಬದಲಾಗಬೇಕಾದದ್ದೆಲ್ಲ ಬಹಳ ಹಿಂದೆಯೇ ಬದಲಾಗಿ, ಕೊಳೆಯದೆ ಉಳಿದ ಕಾಳುಗಳ ಮೇಲೆ ಅದನ್ನು ಕೆತ್ತಿರುವುದು.

ಹೊಳೆ ಒಯ್ಯುವ ಕೆಲಸವನ್ನು ತೋರಿಸಲು ಹೆಚ್ಚು ಸಲಕರಣೆ ಬೇಡ. ಮಳೆಗಾಲದ ತೋಡಿನ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ ತುಂಬಿ, ಚೆನ್ನಾಗಿ ಕುಲುಕಿ ಮೇಜಿನ ಮೇಲಿಟ್ಟೆವು. ಒಂದು ನಿಮಿಷದೊಳಗೆ ಮರಳು ತಳ ಸೇರಿತು. ಜೇಡಿಯ ಕೆಂಪು ಮರುದಿನ ಬೆಳಿಗ್ಗೆಯೂ ಪೂರ್ತಿ ಇಳಿದಿರಲಿಲ್ಲ. ಕಾವೇರಿ ಸುಮಾರು 800 ಕಿಲೋಮೀಟರ್ ಹರಿದು ತಂಜಾವೂರಿನ ಬಯಲಿನಲ್ಲಿ ನಿಧಾನವಾದಾಗ ಹಾಸಿದ ಮಣ್ಣಿನಲ್ಲಿ ನಮ್ಮ ಗುಡ್ಡಗಳ ಪಾಲೂ ಇದೆ ಎಂಬುದನ್ನು ಆ ಬಾಟಲಿ ನನಗಿಂತ ಚೆನ್ನಾಗಿ ಹೇಳಿತು. ಕನ್ನಂಬಾಡಿ ಮತ್ತು ಮೆಟ್ಟೂರಿನ ಕಟ್ಟೆಗಳು ಬಂದ ಮೇಲೆ ಹೂಳಿನ ಬಹುಭಾಗ ಅಲ್ಲಲ್ಲೇ ನಿಲ್ಲುತ್ತದೆ, ಅದು ಬೇರೆ ಮಾತು.

ಎಲ್ಲವೂ ಕೊಚ್ಚಿಹೋಗುತ್ತಿದ್ದರೆ ಬೆಟ್ಟಗಳೇಕೆ ಇನ್ನೂ ಇವೆ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಉತ್ತರವನ್ನು ನಾನು ತಲಕಾವೇರಿಯಿಂದ ಶುರುಮಾಡಿದೆ. ಅಲ್ಲಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಸುಮಾರು 50 ಕಿಲೋಮೀಟರಿನಲ್ಲಿ ಅರಬ್ಬೀ ಸಮುದ್ರ ಸಿಗುತ್ತದೆ. ಆದರೂ ನದಿ ಅದಕ್ಕೆ ಬೆನ್ನು ತಿರುಗಿಸಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ನಮ್ಮ ಭೂಭಾಗ ಮಡಗಾಸ್ಕರಿನಿಂದ ಸೀಳಿ ಬೇರೆಯಾದಾಗ ಅದರ ಪಶ್ಚಿಮದ ಅಂಚು ಮೇಲೆದ್ದಿತು, ಪ್ರಸ್ಥಭೂಮಿ ಪೂರ್ವಕ್ಕೆ ವಾಲಿತು. ಘಟ್ಟ ಎಂದು ನಾವು ಕರೆಯುವುದು ಆ ಅಂಚನ್ನು. ಅದೇ ಭೂಫಲಕ ಉತ್ತರಕ್ಕೆ ಸರಿದು, ಸುಮಾರು ಐದು ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯವನ್ನು ಎತ್ತಿತು. ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ. ಹನ್ನೆರಡು ವರ್ಷದ ಆ ಹುಡುಗ ಹುಟ್ಟಿದಾಗಿನಿಂದ ಅವನ ಊರು ಒಂದು ಮೊಳಕ್ಕಿಂತ ತುಸು ಹೆಚ್ಚು ಸರಿದಿದೆ ಎಂದಾಗ ಅವನು ತನ್ನ ಮೊಳಕೈಯಿಂದ ಬೆರಳತುದಿಯವರೆಗೆ ಅಳೆದು ನೋಡಿಕೊಂಡ.

ಇನ್ನು 2018ರ ಆಗಸ್ಟ್‌ನ ಭೂಕುಸಿತಗಳು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಗಳ ಹೆಸರು ನೀನು ಪತ್ರಿಕೆಗಳಲ್ಲಿ ಓದಿರುತ್ತೀಯೆ. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿಯಲ್ಲಿ ಮತ್ತೆ ಗುಡ್ಡ ಇಳಿಯಿತು. ಬಹಳ ಮಂದಿ ಅದನ್ನು ಜಲಸ್ಫೋಟವೆಂದರು. ಒಳಗೇನೋ ಸಿಡಿದಂತೆ ಕೇಳಿಸುವ ಆ ಪದ ನನಗೆ ಹಿಡಿಸುವುದಿಲ್ಲ. ದಿನಗಟ್ಟಲೆ ಸುರಿದ ನೀರು ಕೊಳೆತ ಕಲ್ಲಿನ ಆ ದಪ್ಪ ಪದರದೊಳಗೆ ಇಳಿಯುತ್ತದೆ, ಕೆಳಗಿನ ಗಟ್ಟಿ ಬಂಡೆ ಅದನ್ನು ಮುಂದಕ್ಕೆ ಬಿಡುವುದಿಲ್ಲ, ಮಣ್ಣಿನ ಕಾಳುಗಳ ನಡುವೆ ತುಂಬಿದ ನೀರು ಅವುಗಳನ್ನು ಒಂದರಿಂದೊಂದು ದೂರ ತಳ್ಳಿ ಹಿಡಿತವನ್ನು ಸಡಿಲಿಸುತ್ತದೆ, ಕಡೆಗೆ ಗುಡ್ಡದ ಮೈ ಬಂಡೆಯ ಮೇಲಿಂದ ಜಾರುತ್ತದೆ. ಲಕ್ಷಾಂತರ ವರ್ಷ ತಯಾರಾದ ಮಣ್ಣು ಇಳಿಯಲು ತೆಗೆದುಕೊಂಡದ್ದು ಕೆಲವೇ ನಿಮಿಷ.

ಅದಕ್ಕೆ ನಾವು ಕೈಜೋಡಿಸಿದ್ದನ್ನೂ ಮಕ್ಕಳಿಂದ ಮುಚ್ಚಿಡಲಿಲ್ಲ. 2016ರಲ್ಲಿ ಕಾರು ನಿಲ್ಲಿಸಲು ಜಾಗ ಬೇಕೆಂದು ಮನೆಯ ಹಿಂದಿನ ಬರೆಯನ್ನು ಜೆಸಿಬಿ ತರಿಸಿ ನೆಟ್ಟಗೆ ಕಡಿಸಿದವನು ನಾನೇ. ಪಕ್ಕದ ಮನೆಯ ಹಿರಿಯರು ಅಂದೇ, "ಮಾಷ್ಟ್ರೇ, ಬರೆಯ ಕಾಲನ್ನೇ ಕಡಿಸಿದಿರಲ್ಲ" ಎಂದಿದ್ದರು. ಎರಡು ವರ್ಷದ ನಂತರ ಅದರ ಬುಡದಲ್ಲಿ ಹಿಂದೆಂದೂ ಇಲ್ಲದ ಒರತೆ ಎದ್ದು ಕೆಂಪು ನೀರು ಬರತೊಡಗಿತು, ಮೇಲಿನ ಸಿಲ್ವರ್ ಮರ ಅಂಗಳದ ಕಡೆಗೆ ವಾಲಿತು. ನಾವು ಆ ರಾತ್ರಿಯೇ ಮನೆ ಬಿಟ್ಟು ಹೋದೆವು. ಬೆಳಿಗ್ಗೆ ಬಂದಾಗ ಕಾರಿನ ಜಾಗದಲ್ಲಿ ಎದೆಮಟ್ಟದ ಮಣ್ಣಿತ್ತು. ನೆಲದಲ್ಲಿ ಬಿರುಕು, ವಾಲಿದ ಮರ, ಹೊಸ ಒರತೆ, ಕದಡಿದ ನೀರು, ಈ ನಾಲ್ಕನ್ನು ಮಕ್ಕಳಿಂದ ಪುಸ್ತಕದಲ್ಲಿ ಬರೆಸಿದ್ದೇನೆ. ಪರೀಕ್ಷೆಗೆ ಬರುವುದಿಲ್ಲವೆಂದು ಗೊತ್ತಿದ್ದೂ ಬರೆಸಿದೆ.

ತೀರ್ಥೋದ್ಭವಕ್ಕೆ ಬರುವುದಾಗಿ ಹೇಳಿದ್ದೀಯೆ. ಬರುವಾಗ ಓರೆ ಗೆರೆಗಳಿರುವ ಮರಳುಗಲ್ಲಿನ ಚೂರೊಂದು ನಿನ್ನೂರಿನ ಯಾವುದಾದರೂ ಹೊಲದ ಬದುವಿನಲ್ಲಿ ಸಿಕ್ಕರೆ ತಾ. ಗುಹೆಗಳ ಹತ್ತಿರದ್ದು ಬೇಡ. ನಿನ್ನ ಮಕ್ಕಳಿಗಾಗಿ ನಮ್ಮ ಬರೆಯ ಕಲ್ಲೊಂದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕೊರಿಯರ್ ಮಾಡಿದರೆ ನಿನ್ನ ಕೈ ಸೇರುವಷ್ಟರಲ್ಲಿ ಮಣ್ಣಾಗಿರುತ್ತದೆ, ಆದ್ದರಿಂದ ನೀನೇ ಒಯ್ಯಬೇಕು.

ಇಂತಿ ನಿನ್ನ ಗೆಳೆಯ