ಶನಿವಾರ ಗ್ರೇಸ್ಟೋನ್‌ಗೆ ಬರುವವರು ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಗ್ಗೆ 10ಕ್ಕೆ ಬೆವರ್ಲಿ ಹಿಲ್ಸ್‌ನ ಗ್ರೇಸ್ಟೋನ್ ಮ್ಯಾನ್ಷನ್ ಗೇಟಿನ ಹತ್ತಿರ ಸೇರೋಣ. ಟಿಕೆಟ್ ಇಲ್ಲ.

"ದೆವ್ವದ ಮನೆ ಅಲ್ವಾ, ಮಕ್ಕಳನ್ನು ಕರೆತರಬಹುದಾ?" ಎಂದು ಕೆಲವರು ಕೇಳಿದ್ದೀರಿ. ಧಾರಾಳವಾಗಿ ಕರೆತನ್ನಿ. 1971ರಿಂದ ಅದು ಸಾರ್ವಜನಿಕ ಪಾರ್ಕು.

ಎಣ್ಣೆ ಬಾವಿಗಳಿಂದ ಶ್ರೀಮಂತರಾದ ಎಡ್ವರ್ಡ್ ಡೊಹೆನಿ ಮಗ ನೆಡ್‌ಗಾಗಿ ಕಟ್ಟಿಸಿದ 55 ಕೋಣೆಗಳ ಮನೆ ಇದು. 1928ರಲ್ಲಿ ನೆಡ್ ಸಂಸಾರ ಒಕ್ಕಲು ಬಂತು. ಕೆಲವೇ ತಿಂಗಳಲ್ಲಿ, 1929ರ ಫೆಬ್ರವರಿ 16ರ ರಾತ್ರಿ, ನೆಡ್ ಮತ್ತು ಸೆಕ್ರೆಟರಿ ಹ್ಯೂ ಪ್ಲಂಕೆಟ್ ಒಳಗೆ ಗುಂಡೇಟಿನಿಂದ ಸತ್ತರು. ಪ್ಲಂಕೆಟ್ ನೆಡ್‌ರನ್ನು ಕೊಂದು ತಾನೂ ಗುಂಡು ಹೊಡೆದುಕೊಂಡ ಎಂದು ಅಧಿಕಾರಿಗಳು ಹೇಳಿದರು. ಕೆಲವರು ಅದನ್ನು ನಂಬಲಿಲ್ಲ. ದೆವ್ವದ ಕಥೆಗಳು ಬೆಳೆದದ್ದು ಹೀಗೆ. ನನಗಂತೂ ನೆನಪಾಗುವುದು ನೆಡ್‌ರ ಹೆಂಡತಿ ಲೂಸಿ ಮತ್ತು ಐದು ಮಕ್ಕಳು. ಆಮೇಲೂ ಎಷ್ಟೋ ವರ್ಷ ಅವರು ಅದೇ ಮನೆಯಲ್ಲಿದ್ದರು! ಅಲ್ಲಿ ಸುಮ್ನೆ ಕಿರುಚಿ ಹೆದರಿಸುವ ಆಟ ದಯವಿಟ್ಟು ಬೇಡ.

ಮಾಮೂಲಿ ದಿನ ಮನೆಯೊಳಗೆ ಬಿಡುವುದಿಲ್ಲ, ಕಿಟಕಿಯಿಂದ ನೋಡಬಹುದು. ತೋಟ ಮಾತ್ರ ತುಂಬಾ ಚೆನ್ನಾಗಿದೆ. ಮೆಟ್ಟಿಲು ಜಾಸ್ತಿ. ಅಪ್ಪ ಅಮ್ಮಂದಿರನ್ನು ಕರೆತರುವವರು ನನಗೆ ಮೊದಲೇ ತಿಳಿಸಿ, ನಿಧಾನವಾಗಿ ಜೊತೆಗೇ ನಡೆಯೋಣ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.