ಹೆಜ್ಜೆ ಎಣಿಸುವ ಆ್ಯಪ್ ಇದೆ, ಕೆನ್ನೆಯೊಳಗೆ ಏನಿದೆ ಎಂದು ಕೇಳುವ ಆ್ಯಪ್ ಬೇಕು

ಮಾನ್ಯ ಸಂಪಾದಕರೇ,

ಚನ್ನಗಿರಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ, ರೀಚಾರ್ಜ್ ಅಂಗಡಿ ಇದೆ. ಮೇ 31 ಬಂತೆಂದರೆ ತಂಬಾಕು ಬಿಡಿ ಎನ್ನುವ ಬ್ಯಾನರ್, ಭಾಷಣ, ಜಾಥಾ ಎಲ್ಲ ಶುರುವಾಗುತ್ತವೆ. ಈಗೀಗ ಅದರ ಜೊತೆ ‘ಆರೋಗ್ಯಕ್ಕೊಂದು ಆ್ಯಪ್ ಹಾಕಿಕೊಳ್ಳಿ, ಕ್ಯಾನ್ಸರ್ ದೂರ ಇಡಿ’ ಎನ್ನುವ ಸಲಹೆಯೂ ಸೇರಿಕೊಂಡಿದೆ. ಜನರ ಫೋನಿಗೆ ಆ್ಯಪ್ ಹಾಕಿಕೊಡುವವನೂ ನಾನೇ, ವಾರದೊಳಗೆ ತೆಗೆದುಕೊಡುವವನೂ ನಾನೇ. ಹಾಗಾಗಿ ನಾಲ್ಕು ಮಾತು.

ಆ್ಯಪ್ ಬೇಡ ಎನ್ನುವವನು ನಾನಲ್ಲ. ಆದರೆ ಈಗಿರುವ ಆ್ಯಪ್‌ಗಳು ಕೇಳುವುದೇ ಬೇರೆ. ಎಷ್ಟು ಹೆಜ್ಜೆ ನಡೆದಿರಿ, ಎಷ್ಟು ಲೋಟ ನೀರು ಕುಡಿದಿರಿ, ಸಲಾಡ್ ತಿಂದಿರಾ? ತೋಟದಲ್ಲಿ ಅಡಿಕೆ ಗೊನೆ ಹೊರುವವನಿಗೆ ಹತ್ತು ಸಾವಿರ ಹೆಜ್ಜೆ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿದಿರುತ್ತದೆ. ಆ್ಯಪ್ ಅವನಿಗೆ ಶಭಾಷ್ ಎನ್ನುತ್ತದೆ. ಅದೇ ಹೊತ್ತಿಗೆ ಅವನ ಕೆನ್ನೆಯೊಳಗೆ ಪಾನ್ ಮಸಾಲ ಮತ್ತು ತಂಬಾಕು ಒಟ್ಟಿಗೆ ಕೂತಿರುತ್ತವೆ. ಅದರ ಬಗ್ಗೆ ಆ್ಯಪ್ ತುಟಿ ಬಿಚ್ಚುವುದಿಲ್ಲ.

ನಮ್ಮ ಕಸುಬಿನವರಿಗೆ ಗೊತ್ತಿರುವ ಒಂದು ವಿಷಯ ಹೇಳುತ್ತೇನೆ. ‘ನಾನು ಮಾತಾಡೋದು ಆಚೆಯವರಿಗೆ ಕೇಳ್ತಾ ಇಲ್ಲ’ ಎಂದು ಬರುವ ಫೋನ್‌ಗಳಲ್ಲಿ ಕೆಲವನ್ನು ಬಿಚ್ಚಿದರೆ ಮೈಕಿನ ಸಣ್ಣ ತೂತಿಗೆ ಕೆಂಪು ಮಿಶ್ರಿತ ಕಂದು ಪುಡಿ ಮೆತ್ತಿಕೊಂಡಿರುತ್ತದೆ. ಬ್ರಷ್ ಹಾಕಿ ಉಜ್ಜಿದರೆ ಸಾಕು, ಫೋನ್ ಸರಿಹೋಗುತ್ತದೆ. ಫೋನಿನ ಯಜಮಾನ ಅಷ್ಟು ಹೊತ್ತೂ ತಲೆ ಮೇಲೆತ್ತಿ, ತುಟಿ ಬಿಗಿಹಿಡಿದು, ‘ಎಷ್ಟಾಯ್ತು’ ಎನ್ನುವುದನ್ನೂ ಕೈಸನ್ನೆಯಲ್ಲೇ ಕೇಳುತ್ತಾನೆ. ಚರಂಡಿಯ ಹತ್ತಿರ ಹೋಗಿ ಬಾಯಿ ಖಾಲಿ ಮಾಡಿ ಬಂದ ಮೇಲೆ ಎರಡನೇ ದೂರು: ‘ವಾಯ್ಸ್ ಟೈಪಿಂಗ್ ಸರಿಯಾಗಿ ಬರ್ತಿಲ್ಲ ಕಣಣ್ಣ.’ ಹೇಗೆ ಬಂದೀತು?

ಇದು ಒಬ್ಬಿಬ್ಬರ ಚಟವಲ್ಲ. 2016-17ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. ಬೀಡಿ, ಸಿಗರೇಟು ಸೇದುವವರು ಶೇ 8.8 ಇದ್ದರೆ, ಬಾಯಿಗೆ ಹಾಕಿಕೊಳ್ಳುವವರು ಶೇ 16.3. ಹೊಗೆಗಿಂತ ಹೊಗೆಯಿಲ್ಲದ್ದೇ ಇಲ್ಲಿ ಜಾಸ್ತಿ. 2013ರಲ್ಲೇ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆಗಿದ್ದು ಇಷ್ಟೇ: ಒಂದು ಚೀಟಿ ಇದ್ದದ್ದು ಎರಡು ಚೀಟಿಯಾಯಿತು. ಒಂದರಲ್ಲಿ ಮಸಾಲ, ಇನ್ನೊಂದರಲ್ಲಿ ತಂಬಾಕು, ಅಂಗೈಯಲ್ಲಿ ಎರಡೂ ಸೇರುತ್ತವೆ. ಈಗ ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ್ದಾರೆ. ಒಳ್ಳೆಯದೇ. ಆದರೆ ಗೂಡಂಗಡಿಯಲ್ಲಿ ಯಾರೂ ಆಧಾರ್ ಕಾರ್ಡ್ ಕೇಳುವುದಿಲ್ಲ.

ಅಡಿಕೆಯ ವಿಷಯ ಎತ್ತಿದರೆ ನಮ್ಮ ಊರಿನಲ್ಲಿ ಮುಖ ಸಿಂಡರಿಸುತ್ತಾರೆ. ನನ್ನ ಅಂಗಡಿಯ ವ್ಯಾಪಾರವೂ ನಡೆಯುವುದು ಅಡಿಕೆ ದುಡ್ಡಿನಿಂದಲೇ, ಬೆಲೆ ಏರಿದ ವರ್ಷ ದೊಡ್ಡ ಫೋನ್ ಹೋಗುತ್ತವೆ. ಆದರೂ ಮುಚ್ಚಿಡುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷ ದಾಟಿದೆ. ಬೆಳೆಗಾರರು ಇದನ್ನು ಒಪ್ಪುವುದಿಲ್ಲ. ಅವರ ಹೊಟ್ಟೆಪಾಡಿನ ಪ್ರಶ್ನೆ, ನನಗೆ ಅರ್ಥವಾಗುತ್ತದೆ. ಆದರೆ ಬೆಳೆಯುವವನ ಲೆಕ್ಕ ಬೇರೆ, ದಿನವಿಡೀ ಜಗಿಯುವವನ ಲೆಕ್ಕ ಬೇರೆ, ಅಲ್ವಾ?

ನಮ್ಮ ದೊಡ್ಡಮ್ಮನ ಮಗನಿಗೆ ಈಗ ಅನ್ನ ಸಾರು ಕಲಸಿ ಮೆತ್ತಗೆ ಮಾಡಿ ಕೊಡಬೇಕು. ಒಂದು ಚೂರು ಖಾರ ತಾಗಿದರೂ ಬಾಯಿ ಉರಿ. ರೊಟ್ಟಿ ಮುರಿದು ಸಣ್ಣ ಸಣ್ಣ ಚೂರು ಮಾಡಿ ಒಳಗೆ ತಳ್ಳುತ್ತಾನೆ. ದಂತವೈದ್ಯರು ಅವನ ಕೈಯಿಂದಲೇ ಪರೀಕ್ಷೆ ಮಾಡಿಸಿದರು. ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಹಲ್ಲುಗಳ ನಡುವೆ ಇಡಲು ಹೇಳಿದರು. ಸರಿಯಾಗಿ ತೆರೆಯುವ ಬಾಯಿಗೆ ಮೂರೂ ಹಿಡಿಸುತ್ತವೆ. ಇವನಿಗೆ ಎರಡೂ ಕಷ್ಟ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ನಾರಿನಂತೆ ಬಿಗಿದುಕೊಂಡಿದೆ. ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರ್‌ಗೆ ತಿರುಗಬಹುದಾದ ಸ್ಥಿತಿ ಎಂದರು. ಬಿಗಿತ ಪೂರ್ತಿ ಬಿಡುವುದು ಕಷ್ಟವಂತೆ. ಆದರೆ ಜಗಿಯುವುದನ್ನು ಇವತ್ತೇ ನಿಲ್ಲಿಸಬೇಕು, ಬಾಯಿಯನ್ನು ಆಗಾಗ ತೋರಿಸುತ್ತಿರಬೇಕು.

ನಾನು ಕೇಳುವ ಆ್ಯಪ್ ಇಲ್ಲಿಂದ ಶುರುವಾಗಬೇಕು. ತಿಂಗಳಿಗೊಮ್ಮೆ ‘ಕನ್ನಡಿ ಮುಂದೆ ನಿಲ್ಲಿ, ಮೂರು ಬೆರಳು ಇಟ್ಟು ನೋಡಿ, ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ, ಎರಡು ವಾರವಾದರೂ ಮಾಯದ ಹುಣ್ಣು ಇದೆಯಾ’ ಎಂದು ಕನ್ನಡದಲ್ಲಿ ಮಾತಾಡಿ ಹೇಳಬೇಕು. ಓದಿ ಅಂತಲ್ಲ, ಕೇಳಿ ಅಂತ. ಇದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೋ ದಂತವೈದ್ಯರ ಹತ್ತಿರಕ್ಕೋ ಕಳಿಸಬೇಕು. ಫೋಟೋ ನೋಡಿ ‘ನಿಮಗೇನೂ ಇಲ್ಲ’ ಎಂದು ಆ್ಯಪೇ ಡಾಕ್ಟರ್ ಆಗುವುದು ಬೇಡವೇ ಬೇಡ. ಚಪಲ ಎದ್ದೇಳುವುದು ಊಟವಾದ ಕೂಡಲೇ, ಬಸ್ಸಿಗೆ ಕಾಯುವಾಗ, ರಾತ್ರಿ ಗಾಡಿ ಓಡಿಸುವಾಗ. ಸಂದೇಶ ಆಗ ಬರಬೇಕು. ಬೆಳಿಗ್ಗೆ ಆರಕ್ಕೆ ಬರುವ ಸುವಿಚಾರ ಯಾರಿಗೂ ಬೇಕಿಲ್ಲ. ದಿನಕ್ಕೆ ಎಷ್ಟು ಚೀಟಿ ಎಂದು ಒತ್ತಿದರೆ ತಿಂಗಳಿಗೆ ಎಷ್ಟು ರೂಪಾಯಿ ಎಂದು ತೋರಿಸಲಿ. ನನ್ನ ಗಿರಾಕಿಗಳು ಕಾಯಿಲೆಗಿಂತ ಆ ಲೆಕ್ಕಕ್ಕೆ ಬೇಗ ಬೆಚ್ಚುತ್ತಾರೆ.

ಬಿಡಬೇಕು ಎನಿಸಿದ ಗಳಿಗೆಯಲ್ಲಿ ಒಂದೇ ಗುಂಡಿ ಒತ್ತಿದರೆ ಕರೆ ಹೋಗಬೇಕು. ಅದಕ್ಕೆ ಹೊಸದೇನೂ ಕಟ್ಟಬೇಕಿಲ್ಲ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356 ಇದೆ, ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ. ತಂಬಾಕು ಪೊಟ್ಟಣದ ಮೇಲೆ ಈ ನಂಬರ್ 2018ರಿಂದ ಅಚ್ಚಾಗುತ್ತಿದೆ. ಚೀಟಿ ಹರಿಯುವ ಅವಸರದಲ್ಲಿ ಯಾರು ಓದುತ್ತಾರೆ ಹೇಳಿ.

ಜನ ಆ್ಯಪ್ ತೆಗೆಸುವುದು ಯಾಕೆ ಎಂದು ಮಾಡುವವರಿಗೆ ಗೊತ್ತಿರಲಿ. ಮೊದಲನೆಯದು ಸ್ಟೋರೇಜ್. ಗುಡ್ ಮಾರ್ನಿಂಗ್ ಫೋಟೋ, ಮದುವೆ ವಿಡಿಯೋ ತುಂಬಿದ ಫೋನಿನಲ್ಲಿ ಜಾಗ ಬೇಕಾದಾಗ ಮೊದಲು ಹೋಗುವುದು ಬುದ್ಧಿ ಹೇಳುವ ಆ್ಯಪ್. ಎರಡನೆಯದು ಒಟಿಪಿ ಭಯ. ಹೆಸರು, ಆಧಾರ್, ಫೋನ್ ನಂಬರ್ ಕೇಳಿದರೆ ‘ದುಡ್ಡು ಹೋಗುತ್ತೆ’ ಎಂದು ಅಲ್ಲೇ ನಿಲ್ಲಿಸುತ್ತಾರೆ. ಮೋಸದ ಸುದ್ದಿ ದಿನಾ ಓದುವವರು ಹೆದರುವುದು ಸರಿಯೇ. ಹೆಸರು ಕೇಳದ, ನೆಟ್ ಇಲ್ಲದೆಯೂ ನಡೆಯುವ, ಚಿಕ್ಕ ಆ್ಯಪ್ ಆಗಬೇಕು.

ಕಡ್ಡಿಪುಡಿ ಹಾಕಿಕೊಂಡು ಎಲೆ ಅಡಿಕೆ ಜಗಿಯುವ ಅಜ್ಜಿಯರ ಕೈಯಲ್ಲಿ ಇರುವುದು ಕೀಪ್ಯಾಡ್ ಫೋನು, ಎಷ್ಟೋ ಮನೆಯಲ್ಲಿ ಅದೂ ಇಲ್ಲ. ಅವರಿಗೆ ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಬಂದು ಕನ್ನಡದಲ್ಲಿ ಮಾತಾಡುವ ಏರ್ಪಾಡು ಬೇಕು. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಫೋನಿನಲ್ಲಿ ಅದೇ ಆ್ಯಪ್ ಇದ್ದರೆ ಅಜ್ಜಿಗೂ ಮೂರು ಬೆರಳಿನ ಪರೀಕ್ಷೆ ಮಾಡಿಸಬಹುದು.

ಆರೋಗ್ಯ ಇಲಾಖೆ ಇಂಥದ್ದೊಂದನ್ನು ಮಾಡಿದರೆ ಹಂಚುವುದಕ್ಕೆ ದೊಡ್ಡ ಜಾಹೀರಾತು ಬೇಕಿಲ್ಲ. ಪ್ರತಿ ಊರಿನಲ್ಲೂ ನಮ್ಮಂಥ ಅಂಗಡಿಗಳಿವೆ, ಹೊಸ ಫೋನ್ ಕೊಂಡವರು ವಾಟ್ಸ್‌ಆ್ಯಪ್ ಹಾಕಿಸಲು ಬರುವುದು ನಮ್ಮ ಹತ್ತಿರವೇ. ಒಂದು ಕ್ಯೂಆರ್ ಚೀಟಿ ಕಳಿಸಿ. ಕೌಂಟರಿಗೆ ಅಂಟಿಸಿಕೊಂಡು ದುಡ್ಡು ತೆಗೆದುಕೊಳ್ಳದೆ ಹಾಕಿಕೊಡಲು ನಾನು ತಯಾರು. ಅದು ಎಷ್ಟು ಎಂಬಿ ಇರುತ್ತದೆ ಎಂದು ಮಾತ್ರ ಮೊದಲೇ ತಿಳಿಸಿ.

– ಒಬ್ಬ ಮೊಬೈಲ್ ಅಂಗಡಿಯವ, ಚನ್ನಗಿರಿ, ದಾವಣಗೆರೆ ಜಿಲ್ಲೆ