ಡ್ರ್ಯಾಗನ್ ಹತ್ತುವ ಆಟಕ್ಕೂ ರಮ್ಮಿಗೂ ಒಂದೇ ಹಣೆಪಟ್ಟಿಯೇ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ರಾಯಚೂರಿನ ಓದುಗರೊಬ್ಬರ ಪತ್ರ ಓದಿದೆ. ವಿಡಿಯೊ ಗೇಮ್ ಅಂದರೆ ಹೊಡಿ, ಬಡಿ, ಕೊಲ್ಲು ಅಷ್ಟೇ, ಎಲ್ಲವನ್ನೂ ಬಂದ್ ಮಾಡಬೇಕು ಎಂದು ಅವರು ಬರೆದಿದ್ದರು. ಅದೇ ಪುಟದಲ್ಲಿ ಆನ್‌ಲೈನ್ ರಮ್ಮಿ ಆಡಿ ಸಾಲಕ್ಕೆ ಬಿದ್ದ ಹುಡುಗನ ಸುದ್ದಿಯೂ ಇತ್ತು. ಎರಡಕ್ಕೂ ಸೇರಿಸಿ ನೀವು ಹಾಕಿದ್ದು ಒಂದೇ ಚಿತ್ರ. ಮೊಬೈಲ್ ಹಿಡಿದ ಹುಡುಗ, ಅವನ ಹಿಂದೆ ತಲೆಬುರುಡೆ.

ರಾಯಚೂರಿನವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮ ಓಣಿಯಲ್ಲೇ ಒಬ್ಬ ಹುಡುಗ ತಂಗಿ ಮದುವೆಗೆ ಇಟ್ಟ ದುಡ್ಡನ್ನು ಮೊಬೈಲಿನಲ್ಲಿ ಕಳೆದ. ಆದರೆ ಆ ತಲೆಬುರುಡೆಯನ್ನು ನಾನು ಒಪ್ಪಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪತ್ರ ಉದ್ದ ಆದರೆ ಕತ್ತರಿ ಹಾಕಿ, ಆದರೆ ಡ್ರ್ಯಾಗನ್ ಇರುವ ಕಡೆ ಮಾತ್ರ ಹಾಕಬೇಡಿ.

ನಾನು ಕೊಪ್ಪಳದವಳು. ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದೆ. ಇತಿಹಾಸಕ್ಕಿಂತ ಭೂಗೋಳ ನನಗೆ ಒಂದು ಕೈ ಜಾಸ್ತಿ ಇಷ್ಟ. ಈ ಬೇಸಿಗೆಗೆ ಬೆಂಗಳೂರಿನಿಂದ ಮೊಮ್ಮಗ ಬಂದಿದ್ದ. ಜೊತೆಗೆ ನಿಂಟೆಂಡೊ ಸ್ವಿಚ್ ಅನ್ನುವ ಆಟದ ಯಂತ್ರ ತಂದಿದ್ದ. ಟಿ.ವಿ.ಗೆ ಹಾಕಿಯೂ ಆಡಬಹುದು, ಕೈಯಲ್ಲಿ ಹಿಡಿದೂ ಆಡಬಹುದು. ನಮ್ಮಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಹಾಗಾಗಿ ಕೈಯಲ್ಲೇ ಹಿಡಿದು ಆಡುತ್ತಿದ್ದೆವು. ಮೊದಮೊದಲು ಅವನು ಆಡುತ್ತಿದ್ದ, ನಾನು ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಾ ನೋಡುತ್ತಿದ್ದೆ. ಆಮೇಲೆ ಅಕ್ಕಿ ಹಾಗೇ ಉಳಿಯಿತು.

ಆಟದ ಹೆಸರು 'ದಿ ಲೆಜೆಂಡ್ ಆಫ್ ಜೆಲ್ಡಾ: ಟಿಯರ್ಸ್ ಆಫ್ ದಿ ಕಿಂಗ್‌ಡಮ್'. ಜಪಾನಿನ ನಿಂಟೆಂಡೊ ಕಂಪನಿ 2023ರ ಮೇ ತಿಂಗಳಲ್ಲಿ ತಂದದ್ದು. ಲಿಂಕ್ ಎಂಬ ಹುಡುಗ, ಹೈರೂಲ್ ಎಂಬ ನಾಡು, ಕಾಣೆಯಾದ ರಾಜಕುಮಾರಿ. ಕಥೆ ಅಷ್ಟು ಸಾಕು. ಇದು ಓಪನ್ ವರ್ಲ್ಡ್ ಆಟ. ಅಂದರೆ ಇದೇ ದಾರಿ ಹಿಡಿ, ಇದನ್ನೇ ಮಾಡು ಅಂತ ಯಾರೂ ಬೆನ್ನು ಬೀಳಲ್ಲ. ಕಣ್ಣಿಗೆ ಕಂಡ ಗುಡ್ಡ ಹತ್ತಬಹುದು, ಕಂಡ ಹೊಳೆ ಈಜಬಹುದು. ನೆಲದ ಮೇಲೆ ಒಂದು ಲೋಕ, ಆಕಾಶದಲ್ಲಿ ತೇಲುವ ದ್ವೀಪಗಳು, ನೆಲದಡಿ ಇನ್ನೊಂದು ಕತ್ತಲ ಲೋಕ.

ಈ ಆಕಾಶದಲ್ಲಿ ಡ್ರ್ಯಾಗನ್‌ಗಳು ಹಾರಾಡುತ್ತವೆ. ಕೆಂಪು ಬೆಂಕಿಯದು ಡಿನ್ರಾಲ್, ನೀಲಿ ಹಿಮದ್ದು ನೈಡ್ರಾ, ಮಿಂಚಿನದು ಫರೋಶ್. ನಾಲ್ಕನೆಯದು ಬೆಳಕಿನ ಡ್ರ್ಯಾಗನ್. ಅದರ ಹಣೆಯಲ್ಲೊಂದು ಕತ್ತಿ ಸಿಕ್ಕಿಕೊಂಡಿದೆ. ಅದರ ಕಥೆ ಹೇಳಿದರೆ ಆಡುವವರ ಖುಷಿ ಹಾಳು, ಹೇಳಲ್ಲ.

ಮೊದಲ ಸಲ ಫರೋಶ್ ಕಂಡಾಗ ನನ್ನ ಕೈಯಲ್ಲಿ ಬಿಲ್ಲು ಇತ್ತು. ಗುರಿ ಇಟ್ಟೆ. ಮೊಮ್ಮಗ ಕೈ ಹಿಡಿದ. 'ಹೊಡೀಬ್ಯಾಡ ಅಜ್ಜಿ, ಅದು ಏನೂ ಮಾಡಂಗಿಲ್ಲ. ಹತ್ತಬೇಕು ಅದನ್ನ.'

ರಾಯಚೂರಿನ ಓದುಗರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಈ ಡ್ರ್ಯಾಗನ್‌ಗಳನ್ನು ಕೊಲ್ಲಲು ಆಗುವುದೇ ಇಲ್ಲ. ಬಾಣ ಬಿಟ್ಟರೆ ಒಂದು ಚಿಪ್ಪೋ, ಉಗುರೋ, ಕೊಂಬಿನ ಚೂರೋ ಉದುರುತ್ತದೆ. ಅದು ತನ್ನ ಪಾಡಿಗೆ ಹೋಗುತ್ತಲೇ ಇರುತ್ತದೆ. ಗೆಲ್ಲುವುದು, ಸೋಲುವುದು ಅಂತ ಅಲ್ಲಿ ಏನೂ ಇಲ್ಲ. ಅದು ಎಲ್ಲಿ, ಯಾವಾಗ ಬರುತ್ತದೆ ಅಂತ ಕಂಡುಹಿಡಿದು, ಅದಕ್ಕಿಂತ ಎತ್ತರಕ್ಕೆ ಹೋಗಿ, ಕಾದು, ಬೆನ್ನ ಮೇಲೆ ಇಳಿಯಬೇಕು. ಅಷ್ಟೇ ಕೆಲಸ.

ಆ 'ಅಷ್ಟೇ' ಎಷ್ಟು ದೊಡ್ಡದು ಅನ್ನುವುದು ಆಡಿದವರಿಗೇ ಗೊತ್ತು. 2017ರಲ್ಲಿ ಬಂದ ಹಿಂದಿನ ಆಟದಲ್ಲಿ ಮೊದಲ ಮೂರು ಡ್ರ್ಯಾಗನ್ ಸ್ವಲ್ಪ ಹೊತ್ತು ಕಾಣಿಸಿ ಆಕಾಶದಲ್ಲಿ ಮಾಯ ಆಗುತ್ತಿದ್ದವಂತೆ. ಹೊಸದರಲ್ಲಿ ಮಾಯ ಆಗಲ್ಲ. ನೆಲದ ದೊಡ್ಡ ಬಿಲದಿಂದ ಮೇಲೆ ಬರುತ್ತವೆ, ಒಂದೇ ದಾರಿಯಲ್ಲಿ ಹಾರುತ್ತವೆ, ಇನ್ನೊಂದು ಬಿಲದಲ್ಲಿ ಇಳಿಯುತ್ತವೆ. ಕೆಳಗಿನ ಕತ್ತಲಲ್ಲಿ ಸಾಗಿ ಮತ್ತೆ ಮೇಲೆ. ಇದು ನಿಲ್ಲುವುದೇ ಇಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಹೇಗೆ ದಾರಿ ಗೊತ್ತೋ, ಇವಕ್ಕೂ ಹಾಗೆ. ನೋಡುವವರಿಗೆ ತಾಳ್ಮೆ ಇರಬೇಕು, ಅಷ್ಟೇ.

ನಾನು ಸುಮ್ನೆ ಕೂರಲಿಲ್ಲ. ಹಳೇ ನೋಟ್‌ಬುಕ್ಕಿನಲ್ಲಿ ಹೈರೂಲಿನ ನಕಾಶೆ ಬಿಡಿಸಿದೆ. ಆಟದೊಳಗೆ ಗಡಿಯಾರ ಇದೆ. ಅಲ್ಲಿನ ಒಂದು ದಿನ ನಮ್ಮ 24 ನಿಮಿಷ. ಡ್ರ್ಯಾಗನ್ ಕಂಡಾಗಲೆಲ್ಲ ಗಂಟೆ ಎಷ್ಟು, ನಾನು ಎಲ್ಲಿ ನಿಂತಿದ್ದೆ, ಅದರ ತಲೆ ಯಾವ ದಿಕ್ಕಿಗಿತ್ತು ಎಂದು ಬರೆದಿಟ್ಟೆ. ಮೊಮ್ಮಗ ಆಟದ ನಕಾಶೆಯ ಮೇಲೆ ಗುರುತು ಹಾಕಿದ. ಡಿನ್ರಾಲ್ ಉತ್ತರದ ಕಡೆ, ನೈಡ್ರಾ ಪೂರ್ವದ ಕಡೆ, ಫರೋಶ್ ದಕ್ಷಿಣದ ಕಡೆ. ಚುಕ್ಕೆ ಸೇರಿಸಿದರೆ ಗೆರೆ ಬಂತು. ಎಂಟನೇ ಕ್ಲಾಸಿನವರಿಗೆ ಹೋಮ್‌ವರ್ಕ್ ಕೊಟ್ಟಿದ್ದರೆ ಅರ್ಧ ಮಕ್ಕಳು ಹೊಟ್ಟೆನೋವು ಅಂತ ರಜೆ ಹಾಕುತ್ತಿದ್ದರು. ಇವನು ಊಟಕ್ಕೆ ಕರೆದರೂ ಏಳಲಿಲ್ಲ.

ಹತ್ತುವುದು ಹೀಗೆ. ಕೆಳಗೆ ನಿಂತು ಎಷ್ಟು ಹಾರಿದರೂ ಅದು ಸಿಗಲ್ಲ. ನಾಡಿನಲ್ಲಿ ಅಲ್ಲಲ್ಲಿ ಒಂದೊಂದು ಎತ್ತರದ ಗೋಪುರ ಇದೆ. ಅದರೊಳಗೆ ನಿಂತರೆ ನಮ್ಮನ್ನು ಸೀದಾ ಮೋಡದ ಮೇಲಕ್ಕೆ ಎಸೆಯುತ್ತದೆ. ಅಲ್ಲಿಂದ ಸುತ್ತ ನೋಡಬೇಕು. ದೂರದಲ್ಲಿ ತೆಳ್ಳಗೆ ಒಂದು ಗೆರೆ ತೆವಳುತ್ತಿರುತ್ತದೆ. ಅದೇ. ಬಟ್ಟೆಯ ರೆಕ್ಕೆ ಬಿಚ್ಚಿ ಅದರ ಮುಂದಕ್ಕೆ ತೇಲಬೇಕು. ಅದರ ಕಡೆಗೇ ಹೋದರೆ ಅದು ದಾಟಿ ಹೋಗಿರುತ್ತದೆ. ಹಾರುವ ಶಕ್ತಿ ತೋರಿಸಲು ಹಸಿರು ಬಣ್ಣದ ಚಕ್ರ ಇದೆ, ಕರಗುತ್ತಾ ಬರುತ್ತದೆ. ಅದು ಖಾಲಿ ಆದರೆ ಕೈ ಬಿಟ್ಟು ಕೆಳಗೆ. ನಾನು ಕೆಳಗೆ ಬಿದ್ದಾಗಲೆಲ್ಲ ಮೊಮ್ಮಗ 'ಅಜ್ಜಿ ಹೋದ್ಳು' ಅಂತ ಕೂಗುತ್ತಿದ್ದ. ಪಕ್ಕದ ಮನೆಯವರು ಒಂದು ಸಲ ಗಾಬರಿಯಾಗಿ ಓಡಿ ಬಂದರು.

ನೈಡ್ರಾ ಮೇಲೆ ಇಳಿದದ್ದು ಮೇ ತಿಂಗಳ ಮಧ್ಯಾಹ್ನ. ಕರೆಂಟ್ ಇರಲಿಲ್ಲ. ನಾನು ಬೀಸಣಿಕೆ ಬೀಸುತ್ತಿದ್ದೆ, ಯಂತ್ರ ಅವನ ಕೈಯಲ್ಲಿತ್ತು. ಆಟದಲ್ಲಿ ಲಿಂಕ್ ಹಲ್ಲು ಕಟಕಟ ಅನ್ನುವಂತೆ ನಡುಗುತ್ತಿದ್ದ. ಆ ಡ್ರ್ಯಾಗನ್ ಹತ್ತಿರ ಹೋದರೆ ಚಳಿ, ಬೆಚ್ಚನೆ ಬಟ್ಟೆ ಇಲ್ಲದಿದ್ದರೆ ಜೀವ ಕಡಿಮೆಯಾಗುತ್ತಾ ಹೋಗುತ್ತದೆ. ಇಲ್ಲಿ ನಮ್ಮಿಬ್ಬರ ಬೆನ್ನ ಮೇಲೂ ಬೆವರು. ಬೆನ್ನಿನ ಉದ್ದಕ್ಕೂ ಸಾಲಾಗಿ ಮುಳ್ಳುಗಳಿವೆ. ಕೆಲವು ಹೊಳೆಯುತ್ತವೆ. ಹೊಳೆಯುವುದನ್ನು ಮುರಿದುಕೊಳ್ಳಬಹುದು, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಲಗಾಮು ಇಲ್ಲ, ತಡಿ ಇಲ್ಲ. ಎಡಕ್ಕೆ ತಿರುಗು ಅಂದರೆ ತಿರುಗಲ್ಲ. ಅದು ಹೋದಲ್ಲಿ ನಾವು. ನಮ್ಮ ಕಾಲ ಕೆಳಗೆ ಮೈ ನಿಧಾನಕ್ಕೆ ಏರಿ ಇಳಿಯುತ್ತದೆ, ಇಡೀ ನಾಡು ಹಿಂದಕ್ಕೆ ಸರಿಯುತ್ತದೆ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ಹಂಪಿ ವಿಠ್ಠಲ ದೇವಸ್ಥಾನದ ಕಂಬ. ಹಿಂಗಾಲ ಮೇಲೆ ಎದ್ದ ಯಾಳಿ, ಬೆನ್ನ ಮೇಲೆ ಸವಾರ. ಇಂಥ ಕಲ್ಪನೆಯ ಪ್ರಾಣಿಗಳನ್ನು ನಮ್ಮವರೂ ಕಲ್ಲಲ್ಲಿ, ಮರದಲ್ಲಿ ಮಾಡಿದ್ದಾರೆ. ಇಲ್ಲೇ ಪಕ್ಕದ ಕಿನ್ನಾಳದಲ್ಲಿ ಇವತ್ತಿಗೂ ಮರದ ಗರುಡ ಮಾಡುತ್ತಾರೆ. ಅದನ್ನು ನೋಡಿ ಮಕ್ಕಳು ಕೆಟ್ಟರು ಅಂತ ಯಾರೂ ಪತ್ರ ಬರೆಯಲಿಲ್ಲ, ಅಲ್ವಾ?

ಬಿಲದೊಳಗೆ ಇಳಿಯುವ ಹೊತ್ತಿಗೂ ನಾವು ನೈಡ್ರಾ ಮೇಲೇ ಇದ್ದೆವು. ಕೆಳಗೆ ಕಗ್ಗತ್ತಲು. ಭೂಗೋಳದವಳಾದ ನನಗೆ ಈ ಆಟದಲ್ಲಿ ಅತಿ ದೊಡ್ಡ ಖುಷಿ ಅಲ್ಲಿ ಸಿಕ್ಕಿತು. ನೆಲದಡಿಯ ಲೋಕ ಮೇಲಿನದರ ಅಚ್ಚು, ಆದರೆ ತಲೆಕೆಳಗು. ಮೇಲೆ ಬೆಟ್ಟ ಇದ್ದಲ್ಲಿ ಕೆಳಗೆ ಕಣಿವೆ. ಮೇಲೆ ನೀರಿದ್ದಲ್ಲಿ ಕೆಳಗೆ ದಾಟಲಾಗದ ಗೋಡೆ. ಮೇಲಿನ ನಕಾಶೆ ಓದಲು ಬಂದರೆ ಕತ್ತಲಲ್ಲೂ ದಾರಿ ಗೊತ್ತಾಗುತ್ತದೆ. ಎತ್ತರ ತೋರಿಸುವ ಸಮೋನ್ನತ ರೇಖೆಗಳನ್ನು ಮಕ್ಕಳ ತಲೆಗೆ ಇಳಿಸಲು ನಾನು ಬೋರ್ಡಿನ ಮೇಲೆ ಎಷ್ಟು ಸುಣ್ಣದ ಕಡ್ಡಿ ಸವೆಸಿದ್ದೇನೋ. ಮೊಮ್ಮಗ ಡ್ರ್ಯಾಗನ್ ಬೆನ್ನ ಮೇಲೆ ಕೂತು ಕಲಿತ.

ಇದೆಲ್ಲ ತಾನಾಗೇ ಬಂದದ್ದಲ್ಲ. 2017ರ ಆಟ ಮಾಡುವಾಗ ನಿರ್ದೇಶಕ ಹಿದೆಮಾರೊ ಫುಜಿಬಯಾಶಿ ತಮ್ಮ ಊರು ಕ್ಯೋಟೊದ ನಕಾಶೆಯನ್ನು ಆಟದ ನಕಾಶೆಯ ಮೇಲೆ ಇಟ್ಟು ನೋಡಿದರಂತೆ. ಒಂದು ಜಾಗದಿಂದ ಇನ್ನೊಂದಕ್ಕೆ ನಡೆದರೆ ಎಷ್ಟು ಹೊತ್ತು ಬೇಕು ಅನ್ನುವ ಅಂದಾಜು ಸಿಗಲಿ ಅಂತ. ನೆಲವನ್ನು ಸಣ್ಣ, ದೊಡ್ಡ ತ್ರಿಕೋನಗಳಾಗಿ ಕಟ್ಟಿದ್ದಾರೆ ಎಂದೂ ಆ ತಂಡದವರು ಹೇಳಿದ್ದಾರೆ. ತ್ರಿಕೋನ ಎದುರಿಗಿದ್ದರೆ ಹತ್ತಬೇಕೋ, ಸುತ್ತಬೇಕೋ ಅನ್ನುವ ಯೋಚನೆ ಬರುತ್ತದೆ. ಅದರ ಹಿಂದೆ ಏನಿದೆಯೋ ಅನ್ನುವ ಆಸೆಯೂ ಹುಟ್ಟುತ್ತದೆ. ಆನೆಗುಂದಿಯ ಬಂಡೆಗುಡ್ಡಗಳ ನಡುವೆ ನಡೆದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಒಂದು ಬಂಡೆ ದಾಟಿದರೆ ಹೊಳೆ, ಇನ್ನೊಂದು ದಾಟಿದರೆ ಬಾಳೆ ತೋಟ.

ಆಟದಲ್ಲಿ ಎಲ್ಲವೂ ಚಂದ ಅಂತ ನಾನು ಹೇಳಲ್ಲ. ಕಾದಾಟ ಇದೆ, ರಾಕ್ಷಸರಿದ್ದಾರೆ. ಕತ್ತಿಗಳು ಪದೇ ಪದೇ ಮುರಿಯುತ್ತವೆ, ತಲೆಬೇನೆ. ಹೊತ್ತು ಹೋಗಿದ್ದೇ ಗೊತ್ತಾಗಲ್ಲ, ಹಾಗಾಗಿ ಮನೆಯಲ್ಲಿ ಯಾರಾದರೂ ಎದ್ದೇಳಿ ಅನ್ನುವವರು ಇರಲೇಬೇಕು. ಬೆಲೆಯೂ ಕಡಿಮೆ ಅಲ್ಲ, ಯಂತ್ರ ಬಿಟ್ಟು ಆಟಕ್ಕೇ ಐದಾರು ಸಾವಿರ ರೂಪಾಯಿ. ಆದರೆ ಒಮ್ಮೆ ಕೊಟ್ಟರೆ ಮುಗಿಯಿತು. ಇನ್ನೂ ನೂರು ಹಾಕು, ಇನ್ನೂ ಐನೂರು ಹಾಕು ಅಂತ ಡ್ರ್ಯಾಗನ್ ಕೇಳಲ್ಲ. ಅಮೆರಿಕದ ವಯಸ್ಸಿನ ಪಟ್ಟಿಯಲ್ಲಿ ಇದು ಹತ್ತು ವರ್ಷ ದಾಟಿದ ಮಕ್ಕಳಿಗೆ, ಯುರೋಪಿನದರಲ್ಲಿ 12 ದಾಟಿದವರಿಗೆ. ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ.

ನಾನು ಕೇಳುವುದು ಇಷ್ಟೇ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ದುಡ್ಡು ಗೆಲ್ಲುವ ಆಸೆಗೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಚಾಕಚಕ್ಯತೆಯದ್ದಾದರೂ ಸರಿ, ಅದೃಷ್ಟದ್ದಾದರೂ ಸರಿ, ನಿಷೇಧ. ಅದರ ಜಾಹೀರಾತಿಗೂ ನಿಷೇಧ. ಅದೇ ಕಾಯ್ದೆ ಇ-ಸ್ಪೋರ್ಟ್ಸ್ (ಅಂದರೆ ಪಂದ್ಯವಾಗಿ ಆಡುವ ವಿಡಿಯೊ ಗೇಮ್) ಬೇರೆ, ದುಡ್ಡು ಪಣಕ್ಕಿಡದ ಸಾಮಾಜಿಕ ಆಟ ಬೇರೆ ಎಂದು ವಿಂಗಡಿಸಿದೆ. ಅವಕ್ಕೆ ಉತ್ತೇಜನ ಕೊಡಬೇಕು ಎಂದೂ ಹೇಳಿದೆ. ದೆಹಲಿಯವರಿಗೆ ಗೊತ್ತಾದ ವ್ಯತ್ಯಾಸ ನಿಮ್ಮ ಪುಟ ವಿನ್ಯಾಸ ಮಾಡುವವರಿಗೆ ಗೊತ್ತಾಗಬಾರದೇ? ಇಲ್ಲಿನ ತಂದೆತಾಯಿ ಇಂಗ್ಲಿಷ್ ಪತ್ರಿಕೆ ತರಿಸಲ್ಲ, ನಿಮ್ಮದನ್ನೇ ಓದುತ್ತಾರೆ. ತಲೆಬುರುಡೆ ನೋಡಿದರೆ ಮಗನ ಕೈಯಿಂದ ಎಲ್ಲವನ್ನೂ ಕಸಿದುಕೊಳ್ಳುತ್ತಾರೆ. ಆಮೇಲೆ ಅವನು ಕದ್ದು ಆಡುತ್ತಾನೆ. ಕದ್ದು ಆಡುವವನಿಗೆ ಸಿಗುವುದು ಡ್ರ್ಯಾಗನ್ ಅಲ್ಲ, ರಮ್ಮಿ.

ಪ್ರತಿ ಶುಕ್ರವಾರ ಬಿಡುಗಡೆಯಾಗುವ ಸಿನಿಮಾಕ್ಕೆ ನೀವು ಅರ್ಧ ಪುಟ ಕೊಡುತ್ತೀರಿ. ಅದರಲ್ಲಿ ಕಾಲು ಭಾಗ ಜಾಗ ಆಟಗಳಿಗೆ ಕೊಡಿ. ವಾರಕ್ಕೊಂದು ಸಾಕು. ಆಡಿದವರೇ ಬರೆಯಬೇಕು, ಕೇಳಿದವರಲ್ಲ. ಅದರಲ್ಲಿ ಏನಿದೆ, ಎಷ್ಟು ವಯಸ್ಸಿನವರಿಗೆ, ಒಳಗೆ ಹೋದ ಮೇಲೆ ಮತ್ತೆ ದುಡ್ಡು ಕೇಳುತ್ತದೆಯೇ, ಗೊತ್ತಿಲ್ಲದವರ ಜೊತೆ ಮಾತಾಡಬೇಕಾಗುತ್ತದೆಯೇ, ಇವನ್ನು ನೇರವಾಗಿ ಹೇಳಲಿ. ಕೆಟ್ಟದ್ದನ್ನು ಕೆಟ್ಟದ್ದು ಅಂತಲೇ ಬರೆಯಲಿ. ಕೊಪ್ಪಳ, ಗಂಗಾವತಿ, ಸಿಂಧನೂರಿನ ಕಾಲೇಜು ಹುಡುಗ ಹುಡುಗಿಯರನ್ನು ಕೇಳಿದರೆ ಬರೆಯುವವರು ಸಿಗುತ್ತಾರೆ.

ಮೊದಲ ವಾರ ನನ್ನ ಡ್ರ್ಯಾಗನ್ ಆಟ ಬೇಡ. ಆ ಯಂತ್ರ ನಮ್ಮ ಕಡೆ ಹೆಚ್ಚು ಮನೆಗಳಲ್ಲಿ ಇಲ್ಲ. ಎಲ್ಲ ಮಕ್ಕಳೂ ಅಪ್ಪನ ಮೊಬೈಲಿನಲ್ಲಿ ಆಡುವ ಆಟಗಳಿಂದ ಶುರು ಮಾಡಿ. ಹಾಗೇ, ಆ ತಲೆಬುರುಡೆಯ ಚಿತ್ರವನ್ನು ರಮ್ಮಿ ಸುದ್ದಿಗೆ ಮಾತ್ರ ಎತ್ತಿಡಿ.

—ನಿವೃತ್ತ ಶಿಕ್ಷಕಿ, ಕೊಪ್ಪಳ
(ಹೆಸರು ಪ್ರಕಟಿಸುವುದು ಬೇಡ. ಹಳೆಯ ವಿದ್ಯಾರ್ಥಿಗಳು ಡ್ರ್ಯಾಗನ್ ದಾರಿ ಕೇಳಿಕೊಂಡು ಮನೆಗೆ ಬರುತ್ತಾರೆ.)